ನಲವತ್ತು ಚಿತ್ರ, ಒಂದು ‘ಇಲ್ಲ’

ಸಮುದ್ರ ದಾಟದೆ ಪರದೇಶದ ಪ್ರವಾಸ ಬರೆಯುತ್ತಾಳಲ್ಲ ಇವಳು ಎಂದು ಯಾರಾದರೂ ಮೂಗು ಮುರಿದರೆ ನನ್ನ ಅಭ್ಯಂತರವೇನೂ ಇಲ್ಲ. ಆದರೆ ಅಂಥವರು ನಾನು ಬೊಂಬಾಯಿಗೆ ಹೊರಟ ದಿನ ಮೈಸೂರಿನ ನಮ್ಮ ಬೀದಿಯನ್ನು ನೋಡಬೇಕಿತ್ತು. ಎದುರು ಮನೆಯವರು ಒಂದು ಸೇರು ಹುಳಿಪುಡಿ ತಂದು, “ಅಲ್ಲಿ ಇದೆಲ್ಲ ಸಿಗುತ್ತೋ ಇಲ್ಲವೋ” ಎಂದರು. ಪಕ್ಕದ ಮನೆಯ ಮೇಷ್ಟರು ನನ್ನ ಪಾಸ್‌ಪೋರ್ಟು ನೋಡಬೇಕೆಂದರು. ಅದು ಬೇಡ, ಬೊಂಬಾಯಿ ನಮ್ಮದೇ ದೇಶದಲ್ಲಿದೆ ಎಂದು ಹೇಳಿದಾಗ ಅವರಿಗೆ ಸ್ವಲ್ಪ ನಿರಾಶೆಯಾಯಿತು. ಅಲ್ಲಿಗೆ ಹೋಗಿ ಇಳಿದ ಮೇಲೆ ಮೇಷ್ಟರದೇ ಸರಿ, ಪಾಸ್‌ಪೋರ್ಟು ಇರಬೇಕಿತ್ತು ಎನ್ನಿಸಿದ್ದು ಬೇರೆ ವಿಷಯ.

ನಾನು ಡಾಕ್ಟರು. ಕಿವಿ, ಮೂಗು, ಗಂಟಲಿನ ವಿಭಾಗದಲ್ಲಿ ಎರಡು ವರ್ಷ ದುಡಿದಿದ್ದೆ. ಗಂಟಲು ಸರಿಯಿದ್ದೂ ಮಾತು ಸರಿಯಿಲ್ಲದವರು ಬಂದರೆ ನಮ್ಮಲ್ಲಿ ಅವರಿಗೆ ಜೇನುತುಪ್ಪ ನೆಕ್ಕಿಸಿ ಕಳುಹಿಸುತ್ತಿದ್ದೆವು. ಮಾತಿನ ದೋಷಗಳ ಚಿಕಿತ್ಸೆಯನ್ನೇ ವಿಶೇಷವಾಗಿ ಕಲಿಸುವ ಆರು ತಿಂಗಳ ವ್ಯಾಸಂಗ ಬೊಂಬಾಯಿಯ ಆಸ್ಪತ್ರೆಯೊಂದರಲ್ಲಿ ಶುರುವಾಗಿದೆ ಎಂದು ತಿಳಿದು ಅರ್ಜಿ ಹಾಕಿದೆ, ಸಿಕ್ಕಿತು. ನನಗಾಗ ಇಪ್ಪತ್ತೇಳು ವರ್ಷ. ಮೈಸೂರಿನ ಕನ್ನಡವೇ ಕನ್ನಡ, ಅದರಲ್ಲೂ ನಾನು ಆಡುವುದೇ ಅದರ ಕೆನೆ ಎಂಬ ಜಂಬ ಬೇರೆ ಇತ್ತು.

ಪೂನಾ

ಜಂಬಕ್ಕೆ ಮೊದಲ ಏಟು ಬಿದ್ದದ್ದು ಪೂನಾದಲ್ಲಿ, ಗಾಡಿ ಬದಲಿಸುವಾಗ. ನಾನು ಹಿಂದಿ ಪರೀಕ್ಷೆಗಳನ್ನು ಒಂದೂ ಬಿಡದೆ ಕಟ್ಟಿ ಮೊದಲ ದರ್ಜೆಯಲ್ಲಿ ಪಾಸಾದವಳು. ಕೂಲಿಯವನನ್ನು ಕರೆದು, “ಕೃಪಯಾ ಮೇರೀ ಪೇಟಿಕಾ ಉಠಾಯಿಯೇ, ಮಹೋದಯ” ಎಂದೆ. ಅವನು ಹಿಂದೆ ತಿರುಗಿ ಆ ಮಹೋದಯ ಯಾರೆಂದು ನೋಡಿದ. ಯಾರೂ ಇರಲಿಲ್ಲ. ಮತ್ತೆ ನನ್ನನ್ನು ನೋಡಿ ಕೈ ಮುಗಿದು ಹೊರಟೇ ಹೋದ. ಭಜನೆಯವಳು ಎಂದುಕೊಂಡನೋ ಏನೋ.

ಕೊನೆಗೆ ಪೆಟ್ಟಿಗೆಯನ್ನು ನಾನೇ ಹೊತ್ತು ಓಡಿದೆ. ಹುಳಿಪುಡಿಯ ಗಂಟು ಬಿಚ್ಚಿ ಸೀರೆಯ ನೆರಿಗೆಯಲ್ಲೆಲ್ಲ ಸೇರಿಕೊಂಡಿತು. ಡಬ್ಬಿಯಲ್ಲಿ ಎದುರಿಗೆ ಕೂತ ಮರಾಠಿ ಹೆಂಗಸು ಎರಡು ಸಲ ಮೂಗರಳಿಸಿ, ತನ್ನ ಬುತ್ತಿ ಬಿಚ್ಚಿ, ಅದರಲ್ಲಿ ಅರ್ಧ ನನಗೆ ಕೊಟ್ಟಳು. ನನ್ನ ವಾಸನೆಗೆ ಅವಳಿಗೆ ಹಸಿವಾಗಿತ್ತೆಂದು ಕಾಣುತ್ತದೆ. ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ನಾವು ಘಟ್ಟ ಇಳಿಯುವವರೆಗೂ ಚೆನ್ನಾಗಿ ಹರಟಿದೆವು.

ಘಾಟ್ಕೋಪರ್

ನಾನು ಇಳಿದುಕೊಂಡದ್ದು ಘಾಟ್ಕೋಪರಿನಲ್ಲಿ, ಚಿಕ್ಕಪ್ಪನ ಮನೆಯಲ್ಲಿ. ಚಿಕ್ಕಪ್ಪ ವಿಮಾ ಕಂಪನಿಯ ಗುಮಾಸ್ತರು, ಮಾತು ಕಡಿಮೆ. ಮನೆಯ ಮಾತೆಲ್ಲ ಚಿಕ್ಕಮ್ಮನ ವಶ. ಅವರು ಮದುವೆಯಾಗಿ ನಂಜನಗೂಡಿನಿಂದ ಬಂದು ಹದಿನಾರು ವರ್ಷವಾಗಿತ್ತು. ಅಷ್ಟರಲ್ಲಿ ಅವರ ಕನ್ನಡ ಮೊಸರುಬಜ್ಜಿಯಾಗಿತ್ತು.

“ಏ, ನಳದ ಪಾಣಿ ಹೋಗ್ಬಿಡತ್ತೆ ಕಣೇ, ಜಲ್ದಿ ಬಾಲ್ದಿ ಇಡು. ಆಮೇಲೆ ಆ ಕಾಂದಾ ಕಾಪಿ ಕೊಡು, ಭಾಜಿ ಮಾಡ್ಬಿಡ್ತೀನಿ.”

ಮೊದಲ ದಿನ ನಾನು ‘ಕಾಪಿ ಕೊಡು’ ಎಂದರೆ ಕಾಫಿ ಕೊಡು ಎಂದುಕೊಂಡು ಒಂದು ಲೋಟ ಕಾಫಿ ಬೆರೆಸಿ ತಂದೆ. ಚಿಕ್ಕಮ್ಮ ಕುಡಿದರು, ಚೆನ್ನಾಗಿದೆ ಎಂದರು, ಈಗ ಕಾಂದಾ ಕಾಪು ಎಂದರು. ಈರುಳ್ಳಿ ಹೆಚ್ಚುವುದಕ್ಕೆ ಅಷ್ಟು ದೊಡ್ಡ ಮೆರವಣಿಗೆ!

ನಮ್ಮೂರಿನಲ್ಲಿ ಮನೆಯಿಂದ ಹೊರಟವರನ್ನು ಮೂರು ಜನರಾದರೂ ಎಲ್ಲಿಗೆ ಎಂದು ಕೇಳದೆ ಬಿಡುವುದಿಲ್ಲ. ಬೊಂಬಾಯಿಯಲ್ಲಿ ಯಾರೂ ಕೇಳುವುದಿಲ್ಲ, ಬದಲು ಸಾಲಿನಲ್ಲಿ ನಿಲ್ಲುತ್ತಾರೆ. ನಾಲ್ಕು ಜನ ಒಬ್ಬರ ಹಿಂದೆ ಒಬ್ಬರು ನಿಂತರೆಂದರೆ ಐದನೆಯವರು ಬಂದು ನಿಂತೇಬಿಡುತ್ತಾರೆ. ನಾನೂ ಆ ಚಾಳಿ ಬೇಗ ಕಲಿತೆ. ದಾದರಿನಲ್ಲಿ ಬಸ್ಸಿನ ಸಾಲೆಂದು ಅರ್ಧ ಗಂಟೆ ನಿಂತು ಮುಂದೆ ಹೋದರೆ ಅದು ಸೀಮೆಎಣ್ಣೆಯ ಸಾಲು. ಅಂಗಡಿಯವನು ಡಬ್ಬ ಎಲ್ಲಿ ಎಂದು ಗದರಿದ. ಹಿಂದಿನಿಂದ ಒಬ್ಬ ಅಜ್ಜಿ, ಪಾಪ ಮರೆತಿರಬೇಕು ಎಂದು ತನ್ನ ಒಂದು ಸೀಸೆಯನ್ನೇ ಕೊಟ್ಟಳು. ಆ ದಿನ ತರಗತಿಗೆ ನಾನು ಸೀಮೆಎಣ್ಣೆಯ ಸೀಸೆಯೊಂದಿಗೆ ಹೋದೆ.

ದಾದರ್

ಆಸ್ಪತ್ರೆ ದಾದರ್ ಸ್ಟೇಶನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿತ್ತು. ನಮ್ಮ ವಿಭಾಗದ ಮುಖ್ಯಸ್ಥೆ ಬಾನುಬಾಯಿ, ಪಾರ್ಸಿ ಹೆಂಗಸು. ವಿಲಾಯತಿಯಲ್ಲಿ ಓದಿ ಬಂದವರು. ವಯಸ್ಸು ಐವತ್ತು ದಾಟಿದ್ದರೂ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತುತ್ತಿದ್ದರು. ಸೀಸೆ ನೋಡಿ, “ಡೀಕ್ರಿ, ನಮ್ಮಲ್ಲಿ ಕರೆಂಟಿನ ದೀಪ ಇದೆ” ಎಂದರು. ಡೀಕ್ರಿ ಎಂದರೆ ಅವರ ಮಾತಿನಲ್ಲಿ ಮಗಳು. ಅಲ್ಲಿಂದ ಕೊನೆಯವರೆಗೂ ನಾನು ಅವರಿಗೆ ಡೀಕ್ರಿಯಾಗಿಯೇ ಉಳಿದೆ.

ನಾವು ಐದು ಜನ ವಿದ್ಯಾರ್ಥಿಗಳು, ಎಲ್ಲರೂ ಆಗಲೇ ಡಾಕ್ಟರುಗಳು. ಮೊದಲ ಮೂರು ತಿಂಗಳು ಎಲ್ಲರೂ ಎಲ್ಲವನ್ನೂ ಕಲಿತೆವು. ತೊದಲುವವರು, ಹುಟ್ಟುವಾಗಲೇ ಅಂಗುಳು ಸೀಳಿದವರು, ಲಕ್ವ ಹೊಡೆದು ಮಾತು ಕಳೆದುಕೊಂಡವರು, ವಯಸ್ಸಾದರೂ ಮಾತು ಬಾರದ ಮಕ್ಕಳು, ಒಬ್ಬೊಬ್ಬರದು ಒಂದೊಂದು ಶಾಸ್ತ್ರ. ಕನ್ನಡಿಯ ಮುಂದೆ ಕೂತು ನಮ್ಮ ನಾಲಿಗೆಯನ್ನೇ ನಾವು ನೋಡಿಕೊಂಡು, ‘ತ’ಕ್ಕೆ ಎಲ್ಲಿ ಮುಟ್ಟುತ್ತದೆ, ‘ಟ’ಕ್ಕೆ ಎಲ್ಲಿ ಮಡಚುತ್ತದೆ ಎಂದು ಬರೆಯಬೇಕಿತ್ತು. ಇಪ್ಪತ್ತೇಳು ವರ್ಷ ಮಾತಾಡಿದ್ದೆನಾದರೂ ನನ್ನ ನಾಲಿಗೆಯ ಪರಿಚಯ ನನಗಾದದ್ದು ಆಗಲೇ. ಲೋಕಲ್ ಗಾಡಿಯಲ್ಲಿ ಅಭ್ಯಾಸ ಮಾಡುತ್ತಾ ಬಾಯಿ ತೆರೆದು ಮುಚ್ಚಿ ಮಾಡಿದರೆ ಹೆಂಗಸರ ಡಬ್ಬಿಯಲ್ಲಿ ನನಗೆ ಮಾತ್ರ ಧಾರಾಳವಾಗಿ ಜಾಗ ಸಿಗುತ್ತಿತ್ತು.

ಉಳಿದ ಮೂರು ತಿಂಗಳು ಒಬ್ಬೊಬ್ಬರಿಗೆ ಒಂದು ವಿಶೇಷ ಕ್ಷೇತ್ರ. ನನ್ನ ಪಾಲಿಗೆ ಮಕ್ಕಳ ಮಾತು ಬಂತು. ಆಸ್ಪತ್ರೆಯಲ್ಲಿ ವಿಲಾಯತಿಯ ಚಿತ್ರಗಳ ಒಂದು ಕಟ್ಟಿತ್ತು. ಮಗುವಿಗೆ ಚಿತ್ರ ತೋರಿಸುವುದು, ಹೆಸರು ಹೇಳಿಸುವುದು, ಯಾವ ಅಕ್ಷರ ತಪ್ಪುತ್ತದೆ ಎಂದು ಗುರುತು ಹಾಕುವುದು. ಆದರೆ ಅದರಲ್ಲಿದ್ದದ್ದು ಹಿಮದ ಗೊಂಬೆ, ಹೊಗೆಗೂಡು, ಕೈಗವಸು. ಅದನ್ನು ನಮ್ಮ ಮಕ್ಕಳ ಮುಂದೆ ಹಿಡಿದರೆ ಯಾವ ಮಗು ಬಾಯಿ ಬಿಟ್ಟೀತು? ನಿನ್ನ ಭಾಷೆಗೆ ನೀನೇ ಒಂದು ಕಟ್ಟು ಮಾಡು ಎಂದರು ಬಾನುಬಾಯಿ. ಚಿಕ್ಕಂದಿನಿಂದ ಚಿತ್ರ ಬರೆಯುವ ಹವ್ಯಾಸವಿತ್ತು. ಮನೆ, ಬೆಕ್ಕು, ಕಾಗೆ, ಕೊಡೆ, ಈರುಳ್ಳಿ ಎಂದು ನಲವತ್ತು ಚಿತ್ರ ಬರೆದು ಬಣ್ಣ ಹಚ್ಚಿ ರಟ್ಟಿಗೆ ಅಂಟಿಸಿದೆ. ಕನ್ನಡದ ಎಲ್ಲ ಅಕ್ಷರಗಳೂ ಅದರಲ್ಲಿ ಅಡಗಿದ್ದವು. ಮೊದಲ ಚಿತ್ರ ಮನೆಯದು: ಕೆಂಪು ಹೆಂಚು, ಎರಡು ಕಿಟಕಿ, ಮುಂದೆ ತುಳಸಿಕಟ್ಟೆ.

ಅಂಧೇರಿ

ಕಟ್ಟು ಸಿದ್ಧವಾಯಿತು, ಪರೀಕ್ಷಿಸಲು ಕನ್ನಡಿಗರು ಬೇಕಲ್ಲ. ಚಿಕ್ಕಮ್ಮನ ಮೇಲೆ ಪ್ರಯೋಗ ಮಾಡಿದರೆ ಅವರು ಬೆಕ್ಕಿಗೆ ಮಾಂಜರ್ ಎಂದರು. ಆಗ ಚಿಕ್ಕಪ್ಪ ಆ ವಾರದ ತಮ್ಮ ಮೊದಲ ಮಾತು ಆಡಿದರು: “ಅಂಧೇರಿಯಲ್ಲಿ ನನ್ನ ಸ್ನೇಹಿತರದು ಉಡುಪಿ ಹೋಟೆಲಿದೆ. ಮಧ್ಯಾಹ್ನ ಹೋಗು.”

ಊಟದ ಗಲಾಟೆ ಮುಗಿದ ಹೊತ್ತಿಗೆ ಹೋದೆ. ಹೋಟೆಲಿನವರೆಲ್ಲ ಕೈ ಒರೆಸಿಕೊಂಡು ಒಂದು ಮೇಜಿನ ಸುತ್ತ ಕೂತರು. ಇದು ಸರ್ಕಾರದ ಯಾವುದೋ ಪರೀಕ್ಷೆ ಎಂದು ಅವರಿಗೆ ಹೇಗೋ ಮನಸ್ಸಿಗೆ ಬಂದಿತ್ತು. ಮನೆಗೆ ಮನೆ, ಕಾಗೆಗೆ ಕಾಗೆ ಎಂದು ಶಾಲೆಯ ಹುಡುಗರಂತೆ ಎದೆ ಸೆಟೆದು ಹೇಳಿದರು. ಈರುಳ್ಳಿ ಬರುವವರೆಗೆ ಎಲ್ಲ ಸರಿಯಿತ್ತು.

“ನೀರುಳ್ಳಿ” ಎಂದರು ದೋಸೆ ಹುಯ್ಯುವ ವಾಸು ಶೆಟ್ಟರು.

“ಉಳ್ಳಾಗಡ್ಡಿ ಅನ್ರಿ. ನೀರಾಗೇನ್ ಬೆಳಿತೈತೇನ್ರಿ ಅದು?” ಎಂದ ಧಾರವಾಡದ ಕಡೆಯ ಬಸಪ್ಪ, ಅಲ್ಲಿ ರೊಟ್ಟಿ ಬಡಿಯುವವನು.

“ಈರುಳ್ಳಿ ಅಂತಲೂ ಹೇಳಬಹುದು” ಎಂದೆ ನಾನು, ಮೆಲ್ಲಗೆ.

ಇಬ್ಬರೂ ನನ್ನನ್ನು ಕನಿಕರದಿಂದ ನೋಡಿದರು. “ನೀವು ಮೈಸೂರು ಸಂಸ್ಥಾನದವ್ರು, ನಿಮಗ ಗೊತ್ತಿರೂದಿಲ್ಲ ಬಿಡ್ರಿ” ಎಂದ ಬಸಪ್ಪ. “ನಮ್ಮ ಧಾರವಾಡ ಬೊಂಬಾಯಿ ಸರ್ಕಾರದ್ದು. ಇಲ್ಲಿ ನಾವ ಊರವ್ರು, ನೀವ ಪರದೇಶದವ್ರು.” ಕನ್ನಡದ ಸೀಮೆಗಳು ಇನ್ನೂ ಒಂದಾಗಿರದ ಕಾಲ, ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಎಲ್ಲರೂ ನಕ್ಕು ನನಗೊಂದು ನೀರುಳ್ಳಿ ದೋಸೆ ಕೊಟ್ಟರು. ಹೆಸರು ಏನಾದರಾಗಲಿ, ಅಂಥ ದೋಸೆ ನಾನು ಮೈಸೂರಿನಲ್ಲೂ ತಿಂದಿಲ್ಲ, ಎಂದು ಇಲ್ಲಿ ಬರೆದರೆ ನಮ್ಮ ಬೀದಿಯವರು ನನ್ನನ್ನು ಬಿಡುವುದಿಲ್ಲ.

ಹೊರಡುವಾಗ ವಾಸು ಶೆಟ್ಟರು ಬೀದಿಯ ತನಕ ಬಂದರು. ನಲವತ್ತರ ಸಮೀಪದ ಗಟ್ಟಿ ಮನುಷ್ಯ, ಆದರೆ ಮಾತು ಶುರು ಮಾಡಲು ಕಷ್ಟಪಟ್ಟರು.

“ಡಾಕ್ಟ್ರೇ, ನನಗೊಂದು ಹೆಣ್ಣು ಮಗು ಉಂಟು, ಜಲಜ ಅಂತ. ಆರು ವರ್ಷ. ಇಲ್ಲಿ ಕಾಂದಿವಲಿಯಲ್ಲಿ ಇರುದು. ಕನ್ನಡ ಶಾಲೆಗೆ ಹಾಕಿದೆ. ಏಳು ತಿಂಗಳಾಯ್ತು, ಒಂದಕ್ಷರ ಬಾಯಿ ಬಿಡುದಿಲ್ಲವಂತೆ. ಮೂಗಿ ಅಂತ ಹೇಳ್ತಾರೆ. ಡಾಕ್ಟರ ಕಾಗದ ತನ್ನಿ, ಇಲ್ಲದಿದ್ರೆ ಹೆಸರು ತೆಗೀತೇವೆ ಅಂತಾರೆ.”

“ಮನೆಯಲ್ಲಿ ಮಾತಾಡುತ್ತಾಳಾ?”

“ಮಾತಾಡ್ತಾಳೆ ಅಂತ ಅವಳ ಅಮ್ಮ ಹೇಳುದು. ತಾಯಿ ಅಲ್ವಾ ಮಾರಾಯ್ರೆ, ಮತ್ತೆಂತ ಹೇಳ್ತಾಳೆ. ನಾನು ಹೋಗುವಾಗಲೂ ಮಗು ಮಲಗಿರ್ತದೆ, ಬರುವಾಗಲೂ ಮಲಗಿರ್ತದೆ. ರಜೆ ಇದ್ದ ದಿನ ನನ್ನನ್ನು ಕಂಡ್ರೆ ನಾಚಿಕೆ, ಅಮ್ಮನ ಸೆರಗಿನ ಹಿಂದೆ. ಅವಳ ಸ್ವರ ಹೇಗುಂಟು ಅಂತ ಕೇಳಿದ್ರೆ ನನಗೆ ಸರಿಯಾಗಿ ಹೇಳ್ಲಿಕ್ಕೆ ಬರುದಿಲ್ಲ.”

ಬುಧವಾರ ಕರೆತನ್ನಿ ಎಂದೆ. ಮನಸ್ಸಿನಲ್ಲಿ, ನನ್ನ ಕಟ್ಟಿಗೆ ಒಳ್ಳೆಯ ಮಗುವೊಂದು ಸಿಕ್ಕಿತು ಎಂಬ ಸಂತೋಷವೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ದಾದರ್, ಬುಧವಾರ

ಜಲಜ ಎರಡು ಜಡೆ ಹಾಕಿಕೊಂಡು, ಅಪ್ಪನ ಬೆರಳು ಹಿಡಿದುಕೊಂಡು ಬಂದಳು. ಮೊದಲು ಕಿವಿ ನೋಡಿದೆ. ಹಿಂದೆ ನಿಂತು ಸಣ್ಣ ಗಂಟೆ ಬಾರಿಸಿದರೆ ತಿರುಗಿದಳು, ಪಿಸುಗುಟ್ಟಿದರೂ ತಿರುಗಿದಳು. ಅಂಗುಳು, ನಾಲಿಗೆ ಎಲ್ಲ ಚೆನ್ನ. ಆಸ್ಪತ್ರೆಯ ಫಾರಂ ತುಂಬುತ್ತಾ, ಮನೆಯಲ್ಲಿ ಆಡುವ ಮಾತು ಯಾವುದು ಎಂದು ಕೇಳಿದರೆ ಶೆಟ್ಟರು ಸ್ವಲ್ಪ ತಡೆದು, “ಕನ್ನಡವೇ ಬರೀರಿ” ಎಂದರು. ಉಡುಪಿಯವರಲ್ಲವೇ, ಕನ್ನಡವಲ್ಲದೆ ಮತ್ತೇನು ಎಂದು ನಾನೂ ಬರೆದೆ.

ಮೊದಲ ಚಿತ್ರ ಎತ್ತಿದೆ. “ಪುಟ್ಟೀ, ಇದು ಏನು ಹೇಳಮ್ಮಾ?”

ಹುಡುಗಿ ಚಿತ್ರವನ್ನು ಚೆನ್ನಾಗಿ ನೋಡಿದಳು. ಬಹಳ ಮೆಲ್ಲಗೆ, “ಇಲ್ಲ” ಎಂದಳು.

“ಹಾಗೆನ್ನಬಾರದು. ಸರಿಯಾಗಿ ನೋಡು. ಏನಿದು?”

“ಇಲ್ಲ.”

ಮೂರನೆಯ ಸಲ ಕೇಳಿದೆ. ಆ ಹೊತ್ತಿಗೆ ನನ್ನ ದನಿ ಸ್ವಲ್ಪ ಏರಿತ್ತು. ಮೂರನೆಯ ಸಲವೂ ಅದೇ. “ಇಲ್ಲ ಇಲ್ಲ ಅಂತ ಹಟ ಮಾಡಬಾರದು! ಆ ಮಾತು ಇನ್ನು ಆಡಕೂಡದು, ತಿಳಿಯಿತಾ?” ಎಂದು ಬೆರಳಾಡಿಸಿದೆ. ತಿಳಿಯಿತೆಂದು ಕಾಣುತ್ತದೆ. ಉಳಿದ ಮೂವತ್ತೊಂಬತ್ತು ಚಿತ್ರಗಳಿಗೆ ಅವಳು ತುಟಿ ತೆರೆಯಲೇ ಇಲ್ಲ. ಮಗಳ ಪಿಸುದನಿ ತಲುಪದಷ್ಟು ದೂರದಲ್ಲಿ ಶೆಟ್ಟರು ಗೋಡೆಗೆ ಒರಗಿ ನಿಂತು ಹೆಗಲ ಮೇಲಿನ ಬೈರಾಸು ಟವೆಲನ್ನು ಹಿಂಡುತ್ತಿದ್ದರು.

ನಾನು ವರದಿ ಬರೆದೆ. ನಲವತ್ತಕ್ಕೆ ಸೊನ್ನೆ. ‘ಇಲ್ಲ’ ಎಂಬ ಒಂದೇ ಮಾತು, ಅದೂ ಹಟಕ್ಕೆ. ಕಿವಿ ಕೇಳಿಸಿಯೂ ಮಾತು ಬೆಳೆದಿಲ್ಲ. ಸಾಮಾನ್ಯ ಶಾಲೆ ಪ್ರಯೋಜನವಿಲ್ಲ, ಮಾತು ಬಾರದ ಮಕ್ಕಳ ವಸತಿಶಾಲೆಗೆ ಸೇರಿಸುವುದು ಯೋಗ್ಯ. ಕೆಳಗೆ ದೊಡ್ಡದಾಗಿ ನನ್ನ ಸಹಿ. ಆ ವಸತಿಶಾಲೆ ಊರಾಚೆ ಇತ್ತು, ಸೇರಿದ ಮಕ್ಕಳು ಮನೆಗೆ ಬರುವುದು ವರ್ಷಕ್ಕೆ ಎರಡು ಸಲ.

ಬಾನುಬಾಯಿ ಓದಿದರು. “ಇವಳ ಮನೆ ನೋಡಿದೆಯಾ?”

“ಇಲ್ಲ ಮೇಡಂ.”

“ಮನೆ ನೋಡದೆ ಮಗುವಿನ ಮಾತಿನ ಬಗ್ಗೆ ಬರೆದ ಕಾಗದಕ್ಕೆ ನಾನು ಸಹಿ ಹಾಕುವುದಿಲ್ಲ. ಭಾನುವಾರ ಹೋಗಿ ಬಾ.”

ಭಾನುವಾರ ಚಿಕ್ಕಮ್ಮ ನನ್ನನ್ನು ಚೌಪಾಟಿಗೆ ಕರೆದೊಯ್ಯುವವರಿದ್ದರು. ನನಗೆ ಸಿಟ್ಟು ಬಂತು. ಎಷ್ಟೆಂದರೆ, ಆ ವಾರವೆಲ್ಲ ನಾಲಿಗೆಯ ಅಭ್ಯಾಸ ಮಾಡುವಾಗ ಅವರ ಹೆಸರಿನ ‘ಬ’ ಮತ್ತು ‘ನ’ಗಳನ್ನು ಕಡಿದು ಕಡಿದು ಹೇಳಿದೆ.

ಕಾಂದಿವಲಿ

ಸಿಟ್ಟಿನಲ್ಲಿ ಹತ್ತಿದ ಗಾಡಿ ಕಾಂದಿವಲಿಯಲ್ಲಿ ನಿಲ್ಲದೆ ಮುಂದೆ ಹೋಯಿತು. ಬೋರಿವಲಿಯಲ್ಲಿ ಇಳಿದು, ಸೇತುವೆ ಹತ್ತಿ, ಹಿಂದಿರುಗುವ ಗಾಡಿ ಹಿಡಿದು ತಲುಪುವಾಗ ಬಿಸಿಲೇರಿತ್ತು. ಆಗಿನ ಕಾಂದಿವಲಿ ಅರ್ಧ ಊರು, ಅರ್ಧ ಗದ್ದೆ. ಸ್ಟೇಶನ್ನಿನಿಂದ ಹತ್ತು ನಿಮಿಷ ನಡೆದರೆ ಎರಡಂತಸ್ತಿನ ಚಾಳು. ಮುಂದೆ ಉದ್ದಕ್ಕೆ ಒಂದು ಗ್ಯಾಲರಿ, ಅದಕ್ಕೆ ಸಾಲಾಗಿ ಬಾಗಿಲುಗಳು, ಕೆಳಗೆ ಅಂಗಳದಲ್ಲಿ ಎಲ್ಲರಿಗೂ ಒಂದೇ ನಲ್ಲಿ.

ನಾನು ಗೇಟು ದಾಟುತ್ತಿದ್ದಂತೆ ನಲ್ಲಿ ಗೊರಗೊರ ಎಂದಿತು. ಮೇಲಿನ ಗ್ಯಾಲರಿಯಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಓಡಿಬಂದು ಮೊದಲ ಬಾಗಿಲು ಬಡಿದು, “ಪಾಣಿ ಆವ್ಯು, ಮಾಸೀ!” ಎಂದು ಕೂಗಿದಳು. ಎರಡನೆಯ ಬಾಗಿಲಿಗೆ, “ಕಾಕೂ, ಪಾಣೀ ಆಲಂ!” ಮೂರನೆಯ ಬಾಗಿಲಿಗೆ, “ಅಮ್ಮಾ, ನೀರ್ ಬತ್ತ್ಂಡ್!” ಕೊಡಗಳು ಗಡಗಡ ಇಳಿದವು. ಗುಜರಾತಿಯವರಿಗೆ ಗುಜರಾತಿ, ಮರಾಠಿಯವರಿಗೆ ಮರಾಠಿ. ಒಂದು ಬಾಗಿಲಿನ ಮಾತು ಇನ್ನೊಂದು ಬಾಗಿಲಿಗೆ ತಪ್ಪಿಯೂ ಹೋಗಲಿಲ್ಲ.

ಆ ಹುಡುಗಿ ಜಲಜ. ನಾನು ಅಂಗಳದ ನಡುವೆ ಕಂಬವಾಗಿ ನಿಂತೆ. ನನ್ನ ಸಹಿ ಬಿದ್ದ ಕಾಗದ ನನ್ನ ಚೀಲದಲ್ಲೇ ಇತ್ತು.

ನನ್ನನ್ನು ನೋಡಿದ್ದೇ ಅವಳು ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ನಾನು ಮೆಟ್ಟಿಲು ಹತ್ತಿ ಹೋದರೆ ಅವಳ ತಾಯಿ ಗಿರಿಜಕ್ಕ ಬಾಗಿಲಿಗೆ ಬಂದರು. ಮುಖದ ತುಂಬ ನಗು. ಎರಡೂ ಕೈ ಚಾಚಿ, “ಇಲ್ಲದ ಉಲಾಯಿ ಬಲೆ, ಬಲೆ!” ಎಂದರು.

ಇಲ್ಲ ಎಂದರಲ್ಲ! ಗಂಡ ಮನೆಯಲ್ಲಿಲ್ಲ, ಬರಬೇಡಿ ಎನ್ನುತ್ತಿದ್ದಾರೆ ಎಂದುಕೊಂಡು, “ಪರವಾಗಿಲ್ಲ, ಇಲ್ಲೇ ನಿಲ್ಲುತ್ತೇನೆ” ಎಂದೆ. ಅವರು ಮತ್ತೆ, “ಇಲ್ಲದ ಉಲಾಯಿ” ಎಂದರು. ನಾನು ಮತ್ತೆ ಪರವಾಗಿಲ್ಲ ಎಂದೆ. ಬೇಡ ಎನ್ನುವವರು ಇಷ್ಟು ಪ್ರೀತಿಯಿಂದ ನಗುವುದನ್ನು ನಾನು ಎಲ್ಲೂ ನೋಡಿರಲಿಲ್ಲ. ಹೀಗೆ ಅವರು ಕರೆಯುವುದೂ ನಾನು ಹೊಸ್ತಿಲಾಚೆ ಬಿಸಿಲಿನಲ್ಲಿ ಬೇಯುವುದೂ ಸ್ವಲ್ಪ ಹೊತ್ತು ನಡೆಯಿತು. ಕೊನೆಗೆ ಅವರಿಗೇ ಹೊಳೆಯಿತು. ಬಾಗಿಲಿನ ಚೌಕಟ್ಟನ್ನು ತಟ್ಟಿದರು, ಗೋಡೆಯನ್ನು ತಟ್ಟಿದರು.

“ಇಲ್ಲ್. ಇಲ್ಲ್ ಅಂದ್ರೆ ಕನ್ನಡದಲ್ಲಿ… ಮನೆ! ಮನೆಯ ಒಳಗೆ ಬನ್ನಿ ಅಂತ ನಾನು ಹೇಳುದು. ನಮ್ಮದು ತುಳು ಅಲ್ವಾ.”

ಮನೆಯ ಚಿತ್ರ ತೋರಿಸಿ ಇದು ಏನು ಎಂದು ಕೇಳಿದ್ದೆ. ಮನೆ ಎಂದೇ ಹೇಳಿತ್ತು ಮಗು. ಒಂದು ಸಲವಲ್ಲ, ಮೂರು ಸಲ. ಮೂರು ಸಲವೂ ಸರಿಯಾದ ಉತ್ತರ ಹೇಳಿದ ಮಗುವಿಗೆ ನಾನು ಬೆರಳಾಡಿಸಿ, ಆ ಮಾತು ಇನ್ನು ಆಡಕೂಡದು ಎಂದಿದ್ದೆ. ಮಾತು ಕಲಿಸುವುದನ್ನು ಕಲಿಯಲು ಇಷ್ಟು ದೂರ ಬಂದವಳು ನಾನು! ನನಗೆ ಅಲ್ಲೇ ಅಳು ಬಂತು. ಗಿರಿಜಕ್ಕ ಬಿಸಿಲು ತಾಗಿತೆಂದು ಗಾಬರಿಯಾಗಿ ಒಳಗೆ ಕೂರಿಸಿ ಬೆಲ್ಲ, ನೀರು ಕೊಟ್ಟರು.

ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡರು. ತುಳು ಎಂದು ಯಾಕೆ ಬರೆಸಲಿಲ್ಲ ಎಂದು ಕೇಳಿದೆ.

“ಬರೆಸಿದ್ರೆ ಬೊಂಬಾಯಿಯಲ್ಲಿ ಯಾರಿಗೆ ಗೊತ್ತುಂಟು? ಕಾಗದಕ್ಕೆ ಕನ್ನಡ, ಬಾಯಿಗೆ ತುಳು. ನಮ್ಮವರೆಲ್ಲ ಹಾಗೇ.” ಆಮೇಲೆ ಸ್ವಲ್ಪ ಸಂಕೋಚದಿಂದ, “ಇನ್ನೊಂದು ಹೇಳ್ಲಾ ಡಾಕ್ಟ್ರೇ? ನಿಮ್ಮ ಹಾಗಿನ ಕನ್ನಡ ಅವಳು ಕೇಳಿದ್ದು ಆ ಕಡೆಯ ಮಾಸಿ ನಮಗೋಸ್ಕರ ಹಾಕುವ ರೇಡಿಯೋದಲ್ಲಿ ಮಾತ್ರ. ಶಾಲೆಯ ಟೀಚರೂ ಹಾಗೇ ಮಾತಾಡುದು. ಮೊನ್ನೆ ಬಂದು ನನ್ನ ಹತ್ರ ಕೇಳ್ತಾಳೆ, ಅಮ್ಮಾ, ರೇಡಿಯೋ ನಮ್ಮನ್ನು ಕೇಳಿದ್ರೆ ನಾವು ಉತ್ತರ ಹೇಳ್ಬೇಕಾ ಅಂತ.”

ಬಾಗಿಲ ಮರೆಯಿಂದ ಎರಡು ಕಣ್ಣು ರೇಡಿಯೋವನ್ನು, ಎಂದರೆ ನನ್ನನ್ನು, ನೋಡುತ್ತಿದ್ದವು. ಕರೆದೆ, ಬರಲಿಲ್ಲ. ತಪ್ಪಾಯಿತು ಎಂದೆ. ರೇಡಿಯೋ ತಪ್ಪಾಯಿತು ಎಂದರೆ ಯಾವ ಮಗು ನಂಬುತ್ತದೆ?

ದಾದರ್, ಶುಕ್ರವಾರ

ಸೋಮವಾರ ಬಾನುಬಾಯಿಯ ಮುಂದೆ ನಿಂತು ಎಲ್ಲ ಒಪ್ಪಿಸಿದೆ. ಅವರು ನಗಲಿಲ್ಲ. “ನಿನ್ನ ನಲ್ಲಿಯ ಕಥೆ ಚೆನ್ನಾಗಿದೆ. ಆದರೆ ಶಾಲೆಯವರು ಕಥೆ ಕೇಳುವುದಿಲ್ಲ. ಏಳು ತಿಂಗಳು ಅವಳ ದನಿ ಕೇಳಿಲ್ಲದವರು ಅವರು. ಶುಕ್ರವಾರ ಇಲ್ಲಿ, ನನ್ನ ಮುಂದೆ, ಹೊರಗಿನವರ ಎದುರಿಗೆ ಅವಳು ಬಾಯಿ ಬಿಡಲಿ. ಬಿಟ್ಟರೆ ಸಾಮಾನ್ಯ ಶಾಲೆಗೆ ಬರೆಯುತ್ತೇನೆ. ಬಿಡದಿದ್ದರೆ ನಿನ್ನ ಹಳೆಯ ಕಾಗದವೇ ಗತಿ” ಎಂದರು.

ನಾಲ್ಕು ದಿನ ಸಂಜೆ ಅಂಧೇರಿಗೆ ಹೋಗಿ ದೋಸೆಕಲ್ಲಿನ ಪಕ್ಕದಲ್ಲಿ ನಿಂತು ಶೆಟ್ಟರಿಂದ ತುಳು ಕಲಿತೆ. ‘ಉಂದು ದಾದ?’ ಎಂದರೆ ‘ಇದು ಏನು?’, ‘ಅತ್ತ್’ ಎಂದರೆ ‘ಅಲ್ಲ’. ಅಷ್ಟು ಬಂತು. ಇಲ್ಲ್ ಮಾತ್ರ ಬರಲಿ ಎಂದರೆ ಬರಲೊಲ್ಲದು. ಅದರ ಕೊನೆಯಲ್ಲೊಂದು ಸ್ವರವಿದೆ, ಅದು ‘ಅ’ ಅಲ್ಲ, ‘ಉ’ ಅಲ್ಲ. ತುಟಿ ದುಂಡಗಾಗದೆ ಅರ್ಧದಲ್ಲೇ ನಿಂತುಬಿಡುವ ಸಣ್ಣದೊಂದು ದನಿ. ನಾನು ಹೇಳಿದರೆ ಇಲ್ಲ ಆಗುತ್ತಿತ್ತು, ಇಲ್ಲವಾದರೆ ಇಲ್ಲು. ಬಸಪ್ಪ ರೊಟ್ಟಿ ಬಡಿಯುತ್ತಾ, “ಬಿಡ್ರಿ ಅಕ್ಕಾರ, ನಾ ಆರು ವರ್ಷದಿಂದ ಬಡದಾಡಾಕತ್ತೀನಿ” ಎಂದ.

ಶುಕ್ರವಾರ ದೋಸೆಕಲ್ಲನ್ನು ಬಸಪ್ಪನಿಗೆ ಒಪ್ಪಿಸಿ ಶೆಟ್ಟರು ಜಲಜಳನ್ನು ಕರೆತಂದರು. ಕೋಣೆಯಲ್ಲಿ ಬಾನುಬಾಯಿ, ನನ್ನ ನಾಲ್ವರು ಸಹಪಾಠಿಗಳು, ಶಾಲೆಯಿಂದ ಬಂದ ಒಬ್ಬರು ಮೇಷ್ಟರು. ಶೆಟ್ಟರು ಬಾಗಿಲ ಬಳಿ ನಿಂತರು. ನಾನು ನೆಲದ ಮೇಲೆ, ಹುಡುಗಿಯ ಎದುರಿಗೆ ಕೂತು ಮನೆಯ ಚಿತ್ರ ಎತ್ತಿದೆ.

“ಉಂದು ದಾದ?”

ಅವಳ ಕಣ್ಣು ಅಗಲವಾಯಿತು. ತುಟಿ ಅಲುಗಿತು, ಮತ್ತೆ ಮುಚ್ಚಿತು. ಆ ಮಾತು ಆಡಕೂಡದೆಂದು ಹೇಳಿದವಳು ನಾನೇ ತಾನೆ. ವಿಧೇಯ ಮಗು, ಆಡಲಿಲ್ಲ. ಮತ್ತೊಮ್ಮೆ ಕೇಳಿದೆ, ತುಟಿ ಬಿಗಿದೇ ಇತ್ತು. ಮೇಷ್ಟರು ಗಡಿಯಾರ ನೋಡಿದರು. ಬೇರೆ ದಾರಿ ಕಾಣದೆ ಉತ್ತರವನ್ನು ನಾನೇ ಹೇಳಿಬಿಟ್ಟೆ.

“ಇಲ್ಲ.”

ಹುಡುಗಿಯ ಹುಬ್ಬು ಗಂಟಿಕ್ಕಿತು.

“ಇಲ್ಲು” ಎಂದೆ.

ಅದನ್ನು ಅವಳಿಂದ ಸಹಿಸಲಾಗಲಿಲ್ಲ. “ಇಲ್ಲು ಅತ್ತ್!” ಎಂದಳು, ಕೋಣೆಗೆಲ್ಲ ಕೇಳುವಂತೆ. “ಇಲ್ಲ್!”

“ಇಲ್ಲ?”

“ಅತ್ತ್, ಅತ್ತ್!” ಮುಂದೆ ಬಂದು ನನ್ನ ಗಲ್ಲ ಹಿಡಿದು, ನನ್ನ ಬಾಯೊಳಗೆ ಬಗ್ಗಿ ನೋಡಿದಳು. ನಾನು ರೋಗಿಗಳಿಗೆ ಮಾಡುವುದು ಅದನ್ನೇ. “ಪನ್ಲೆ. ಇಲ್ಲ್.” ಹೇಳಿ, ಎಂದು ಅಪ್ಪಣೆ.

ನಾಲ್ಕನೆಯ ಸಲವೋ ಐದನೆಯ ಸಲವೋ, ನನ್ನ ನಾಲಿಗೆ ಹೇಗೆ ತಿರುಗಿತೋ ಕಾಣೆ, ಆ ಅರ್ಧ ಸ್ವರ ಬಂದೇಬಿಟ್ಟಿತು. “ಆಂಡ್” ಎಂದು, ಆಯಿತು ಎನ್ನುವಂತೆ, ಅವಳು ತಲೆಯಾಡಿಸಿದಳು. ನನ್ನ ಕೈಯಿಂದ ಕಟ್ಟನ್ನು ಕಿತ್ತುಕೊಂಡು ಎರಡನೆಯ ಚಿತ್ರ ನನ್ನ ಮೂಗಿನ ಮುಂದೆ ಹಿಡಿದು, “ಉಂದು ದಾದ?” ಎಂದು ಕೇಳಿದಳು.

“ಬೆಕ್ಕು.”

“ಬೆಕ್ಕು ಅತ್ತ್! ಪುಚ್ಚೆ!”

ಮೂರನೆಯದಕ್ಕೆ ಕಾಗೆ ಎಂದೆ. ಕಕ್ಕೆಯಂತೆ. ನಾಲ್ಕನೆಯದು ಕೊಡೆ, ಅದು ಪುಣ್ಯಕ್ಕೆ ಎರಡು ಭಾಷೆಯಲ್ಲೂ ಕೊಡೆಯೇ. ಸಹಪಾಠಿಗಳೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಮೇಷ್ಟರು ಗಡಿಯಾರ ಮರೆತು ಬಾಯಿ ತೆರೆದು ಕೂತಿದ್ದರು. ಬಾನುಬಾಯಿ ನನ್ನ ಹಳೆಯ ವರದಿಯನ್ನು ಎರಡಾಗಿ ಹರಿದು, ಹೊಸ ಕಾಗದ ಎಳೆದುಕೊಂಡು ಸಾಮಾನ್ಯ ಶಾಲೆ ಎಂದು ಬರೆದು ಸಹಿ ಹಾಕಿ ಮೇಷ್ಟರ ಕೈಗೆ ಕೊಟ್ಟರು.

ಕೆಲಸ ಮುಗಿಯಿತೆಂದು ನಾನು ಚಿತ್ರಗಳನ್ನು ಎತ್ತಿಡಲು ಹೋದೆ. ಆಗ ಬಾಗಿಲ ಬಳಿಯಿಂದ ಶೆಟ್ಟರು ಎರಡು ಹೆಜ್ಜೆ ಮುಂದೆ ಬಂದರು. ಬೈರಾಸಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು, ಆದರೂ ಕಣ್ಣೀರು ನಿಲ್ಲುತ್ತಿರಲಿಲ್ಲ.

“ಡಾಕ್ಟ್ರೇ, ಅವಳ ಸ್ವರ ನಾನು ಸರಿಯಾಗಿ ಕೇಳುದು ಇವತ್ತೇ. ನಿಲ್ಲಿಸ್ಬೇಡಿ. ಇನ್ನು ಸ್ವಲ್ಪ ತಪ್ಪು ಹೇಳಿ, ಮಾರಾಯ್ರೆ.”

ನಾನು ಮತ್ತೆ ನೆಲದ ಮೇಲೆ ಕೂತೆ. ಇನ್ನೂ ಮೂವತ್ತಾರು ಚಿತ್ರಗಳಿದ್ದವು, ತಪ್ಪು ಹೇಳುವುದು ನನಗೇನೂ ಕಷ್ಟವಾಗಲಿಲ್ಲ.